ಬೇಸ್ ಎಷ್ಟು ಎಂದು ಕೇಳುವ ಮೊದಲು

ಮದುವೆಯ ರಿಸೆಪ್ಶನ್‌ಗೆ ಗೊತ್ತುಮಾಡುವ ಡಿಜೆಯ ಕೆಲಸ ಹಾಡು ಹಚ್ಚುವುದಷ್ಟೇ ಅಲ್ಲ. ಮದುಮಕ್ಕಳು ವೇದಿಕೆಗೆ ಬರುವ ಗಳಿಗೆ, ಸ್ವಾಮಿಗಳೋ ಮನೆಯ ಹಿರಿಯರೋ ಆಶೀರ್ವಾದದ ನಾಲ್ಕು ಮಾತಾಡುವ ಹೊತ್ತು, ಊಟದ ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂಡುವ ನಡುವಿನ ಗದ್ದಲ, ಕೊನೆಗೆ ಹುಡುಗ ಹುಡುಗಿಯರು ಕುಣಿಯುವ ತಾಸು, ಇವೆಲ್ಲವನ್ನೂ ದನಿಯ ಮೂಲಕ ಹಿಡಿದು ನಡೆಸುವವನು ಅವನೇ. ಠಾಣಾ ಕುಶನೂರ, ಔರಾದ್, ಭಾಲ್ಕಿ, ಬೀದರ್ ಸೀಮೆಯಲ್ಲಿ ಈ ಕೆಲಸಕ್ಕೆ ಜನ ಹುಡುಕುವಾಗ ಮೊದಲು ಬರುವ ಪ್ರಶ್ನೆ ಒಂದೇ: ಎಷ್ಟು ಬೇಸ್, ಎಷ್ಟು ಟಾಪ್? ಅಂದರೆ ಕೆಳದನಿಯ, ಮೇಲ್ದನಿಯ ಸ್ಪೀಕರ್ ಬಾಕ್ಸ್ ಎಷ್ಟೆಷ್ಟು? ಆ ಪ್ರಶ್ನೆ ಬೇಕು. ಆದರೆ ಅದರ ಸ್ಥಾನ ಐದನೆಯದು. ಮೊದಲು ಕೇಳಬೇಕಾದದ್ದು, ಆ ದಿನ ಮಿಕ್ಸರ್ ಮುಂದೆ ಕೂಡುವವರು ಯಾರು ಎಂಬುದನ್ನು.

ಈ ಭಾಗದ ಲಗ್ನದಲ್ಲಿ ಡಿಜೆಗೆ ಮೂರು ಬೇರೆ ಬೇರೆ ಹೊತ್ತು ಕೆಲಸ ಬೀಳುತ್ತದೆ. ಹಿಂದಿನ ರಾತ್ರಿ ಹಳದಿ. ಲಗ್ನದ ದಿನ ಮದುಮಗನ ಬಾರಾತ್. ಮಧ್ಯಾಹ್ನದ ಆಚೀಚೆ ಅಕ್ಷತೆ ಬಿದ್ದು ಊಟ ಮುಗಿದ ಮೇಲೆ, ಅದೇ ಸಂಜೆ ಅಥವಾ ಮರುದಿನ ರಿಸೆಪ್ಶನ್. ಬೀದರ್, ಭಾಲ್ಕಿಯ ಫಂಕ್ಷನ್ ಹಾಲ್‌ಗಳಲ್ಲಿ ಬೇರೂರಿದ ಈ ಸಂಜೆಯ ಪದ್ಧತಿ ಈಗ ಹಳ್ಳಿಯ ಪೆಂಡಾಲಿಗೂ ಬಂದಿದೆ. ಬಾರಾತ್‌ಗೆ ಬರುವುದು ವಾಹನದ ಮೇಲೆ ಕಟ್ಟಿದ ಬಾಕ್ಸ್‌ಗಳ ಸಾಲು. ಬಯಲಲ್ಲಿ, ನಡೆಯುತ್ತಲೇ ಕುಣಿಯುವ ಜನಕ್ಕೆ ಹೊಂದಿಸಿದ ವ್ಯವಸ್ಥೆ ಅದು. ರಿಸೆಪ್ಶನ್ ಹಾಗಲ್ಲ. ಅಲ್ಲಿ ಕುಣಿಯುವವರಿಗಿಂತ ಕೂತು ಮಾತಾಡುವವರು ಹೆಚ್ಚು. ವರ್ಷಗಳ ಮೇಲೆ ಭೇಟಿಯಾದ ಅಕ್ಕತಂಗಿಯರು, ಬೀಗರು, ಸಣ್ಣ ಮಕ್ಕಳನ್ನು ಮಲಗಿಸಿಕೊಂಡ ತಾಯಂದಿರು ಇರುತ್ತಾರೆ. ಬಾರಾತ್‌ನ ಡಿಜೆಯನ್ನೇ ಒಂದಿಷ್ಟು ಹಣ ಹೆಚ್ಚು ಕೊಟ್ಟು ಸಂಜೆಗೂ ನಿಲ್ಲಿಸಿಕೊಳ್ಳುವುದು ಸಾಮಾನ್ಯ. ಮಾತೇ ಕೇಳಿಸದಂಥ ರಿಸೆಪ್ಶನ್‌ಗಳಿಗೆ ಬಹುಮಟ್ಟಿಗೆ ಈ ಒಂದು ನಿರ್ಧಾರವೇ ಕಾರಣ. ಎರಡು ಕೆಲಸವನ್ನೂ ಒಬ್ಬನೇ ಮಾಡಬಹುದು. ಆದರೆ ಎರಡಕ್ಕೂ ಬೇರೆ ಬಾಕ್ಸ್, ಬೇರೆ ಜೋಡಣೆ, ಬೇರೆ ಮನಸ್ಸು ಬೇಕು.

ಇಲ್ಲಿನ ಸಭೆಯೂ ಸರಳವಾದದ್ದಲ್ಲ. 1956ರ ನವೆಂಬರ್ 1ಕ್ಕೆ ಮುಂಚೆ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಉದಗೀರ, ಅಹಮದಪುರ, ನಿಲಂಗಾ, ನಾರಾಯಣಖೇಡ, ಜಹೀರಾಬಾದ್ ಎಲ್ಲವೂ ಅದೇ ಜಿಲ್ಲೆಯೊಳಗಿದ್ದವು. ರಾಜ್ಯಗಳ ಗಡಿ ಎಳೆದರೂ ಸಂಬಂಧಗಳು ಗಡಿ ದಾಟಿ ಉಳಿದವು, ಹೊಸವೂ ಬೆಳೆದವು. ಹೀಗಾಗಿ ಠಾಣಾ ಕುಶನೂರದ ಒಂದು ಲಗ್ನದಲ್ಲಿ ಹುಡುಗಿಯ ಕಡೆಯವರು ಕನ್ನಡ ಮಾತಾಡಿದರೆ ಹುಡುಗನ ಸೋದರಮಾವ ಉದಗೀರದಿಂದ ಮರಾಠಿ ಮಾತಾಡುತ್ತ ಬರುತ್ತಾನೆ. ಗೆಳೆಯರು ದಖನಿ ಉರ್ದುವಿನಲ್ಲಿ ಹರಟುತ್ತಾರೆ. ಹೈದರಾಬಾದಿನಲ್ಲಿ ಕೆಲಸಕ್ಕಿರುವ ತಮ್ಮಂದಿರಿಗೆ ತೆಲುಗು ಹಾಡು ಬೇಕು. ಔರಾದ್ ಕಡೆ ಲಂಬಾಣಿ ತಾಂಡಾಗಳು ಬಹಳ. ಅಲ್ಲಿಂದ ಬಂದ ಹೆಣ್ಣುಮಕ್ಕಳು ಕೈ ಕೈ ಸೇರಿಸಿ ದುಂಡಗೆ ಕುಣಿಯಲು ಲಂಬಾಣಿ ಹಾಡೇ ಆಗಬೇಕು. 2016ರ ಮರಾಠಿ ಚಿತ್ರ ‘ಸೈರಾಟ್’ನ ಕುಣಿತದ ಹಾಡಿಗೆ ಇಲ್ಲಿ ಭಾಷೆಯ ಭೇದವಿಲ್ಲದೆ ಎಲ್ಲರೂ ಎದ್ದರು. ಮರುವರ್ಷ ಆ ಚಿತ್ರ ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೆ ಬಂದರೂ ಈ ಗಡಿಯ ಹಳ್ಳಿಗಳಿಗೆ ಮರಾಠಿಯದೇ ಮೊದಲು ತಲುಪಿತ್ತು. ಬೆಂಗಳೂರಿನಲ್ಲಿ ಎಷ್ಟೇ ಹೆಸರು ಮಾಡಿದ ಡಿಜೆಯಾದರೂ ಇಂಥ ಸಭೆಯ ನಾಡಿ ಹಿಡಿಯುವುದು ಕಷ್ಟ. ಭಾಲ್ಕಿಯ ಹುಡುಗನೊಬ್ಬ ಅದನ್ನು ಸಲೀಸಾಗಿ ಮಾಡಿಬಿಡಬಹುದು.

ಡಿಜೆಯನ್ನು ಹುಡುಕುವ ಮೊದಲು ಮನೆಯವರೇ ತೀರ್ಮಾನಿಸಿಕೊಳ್ಳಬೇಕಾದ ಸಂಗತಿಗಳಿವೆ. ರಿಸೆಪ್ಶನ್ ಎಲ್ಲಿ: ಹಾಲ್‌ನಲ್ಲೋ, ಮನೆ ಮುಂದಿನ ಪೆಂಡಾಲಿನಲ್ಲೋ, ಹೊಲದಲ್ಲೋ? ಎಷ್ಟು ಹೊತ್ತಿಗೆ ಶುರು, ಎಷ್ಟಕ್ಕೆ ಮುಕ್ತಾಯ? ಒಂದೇ ಹೊತ್ತಿಗೆ ಎದುರಿಗೆ ಕೂತಿರುವವರು ಸುಮಾರು ಎಷ್ಟು? ಇವಕ್ಕಿಂತ ಮುಖ್ಯವಾದದ್ದು, ಮನೆಯವರಿಗೆ ಬೇಕಾಗಿರುವುದು ಕುಣಿತವೋ ಕೂಟವೋ ಎಂಬುದು. ಲಿಂಗಾಯತ ಮನೆತನಗಳ ಕೆಲವು ಮದುವೆಗಳು ವಚನ ಹೇಳಿ, ಶರಣರ ಮಾತು ಕೇಳಿ ನಡೆಯುತ್ತವೆ. ಅಂಥ ಮನೆಯ ರಿಸೆಪ್ಶನ್‌ನಲ್ಲಿ ಮೊದಲ ತಾಸು ಮೆಲುದನಿಯ ವಾದ್ಯ ಸಂಗೀತ ಸಾಕು. ಮುಸ್ಲಿಂ ಮನೆಯ ವಲೀಮಾದಲ್ಲಿ ಹಾಡೇ ಬೇಡ, ಮೈಕ್ ಒಂದಿದ್ದರೆ ಸಾಕು ಎನ್ನುವವರೂ ಇದ್ದಾರೆ, ಕವ್ವಾಲಿ ಬೇಕೆನ್ನುವವರೂ ಇದ್ದಾರೆ. ಬೌದ್ಧ ಪದ್ಧತಿಯ ಮದುವೆಯಲ್ಲಿ ವಂದನೆ ಮುಗಿಯುವ ತನಕ ಸ್ಪೀಕರ್ ಸುಮ್ಮನಿರಬೇಕು, ಆಮೇಲೆ ಭೀಮಗೀತೆಗಳಿಗೆ ಜನ ಕಾದಿರುತ್ತಾರೆ. ಈ ವಿವರಗಳು ಡಿಜೆಗೆ ತಾನಾಗಿಯೇ ಗೊತ್ತಿರುತ್ತವೆ ಎಂದು ಬಿಡಬಾರದು. ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಮೊದಲು ತಮ್ಮೊಳಗೆ ಮಾತಾಡಿಕೊಂಡು, ಡಿಜೆಯ ಮುಂದೆ ಒಂದೇ ಮಾತು ಹೇಳಬೇಕು. ಹಣ ಕೊಡುವವರು ಒಬ್ಬರು, ಆದೇಶ ಕೊಡುವವರು ಹತ್ತು ಜನ ಆದಲ್ಲಿ ಎಂಥ ಕುಶಲನೂ ಸೋಲುತ್ತಾನೆ.

ಡಿಜೆಗಳು ಸಿಗುವುದು ಬೀದರ್‌ನಲ್ಲಿ, ಭಾಲ್ಕಿಯಲ್ಲಿ, ಔರಾದ್‌ನಲ್ಲಿ. ಗಡಿಯಾಚೆಯ ಉದಗೀರ, ದೇಗಲೂರ, ಜಹೀರಾಬಾದ್‌ಗಳಿಂದಲೂ ಕರೆಸುತ್ತಾರೆ. ಮೊಬೈಲ್‌ನಲ್ಲಿ ತೋರಿಸುವ ವಿಡಿಯೊ ನೋಡಿ ಆರಿಸುವುದು ಈಗಿನ ರೂಢಿ. ಅರ್ಧ ನಿಮಿಷದ ಆ ತುಣುಕಿನಲ್ಲಿ ಬೆಳಕು, ಹೊಗೆ, ಕೈ ಎತ್ತಿ ಕುಣಿಯುವ ಹುಡುಗರಷ್ಟೇ ಇರುತ್ತಾರೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಅವನು ಹೇಗೆ ದಾಟಿದ, ಯಜಮಾನರು ಮೈಕ್ ಹಿಡಿದಾಗ ಎಷ್ಟು ಬೇಗ ದನಿ ಇಳಿಸಿದ ಎಂಬುದು ಅದರಲ್ಲಿ ಕಾಣುವುದಿಲ್ಲ. ಲಗ್ನದ ಕಾಲದಲ್ಲಿ ಈ ಸೀಮೆಯ ಯಾವ ಮನೆಯವರಿಗಾದರೂ ನಾಲ್ಕಾರು ಮದುವೆಗೆ ಹೋಗುವುದಿದ್ದೇ ಇರುತ್ತದೆ. ಅಲ್ಲಿ ಅರ್ಧ ತಾಸು ಕೂತು ಕಿವಿಗೊಟ್ಟು ಕೇಳುವುದೇ ಸರಿಯಾದ ಪರೀಕ್ಷೆ. ಹಾಲ್‌ನ ಕೊನೆಯ ಸಾಲಿನಲ್ಲಿ ಕೂತು ಪಕ್ಕದವರೊಡನೆ ಮಾಮೂಲು ದನಿಯಲ್ಲಿ ಮಾತಾಡಿ ನೋಡಬೇಕು. ಕೂಗದೆ ಮಾತಾಡಲು ಆದರೆ ಆ ಡಿಜೆಗೆ ತನ್ನ ಕೆಲಸ ಗೊತ್ತು.

ಇನ್ನು ಮಾತುಕತೆ. ಫೋನಿನಲ್ಲಿ ದರ ಕೇಳಿ, ಮುಂಗಡ ಕಳಿಸಿ ಮುಗಿಸುವ ಬದಲು ಎದುರು ಕೂತು ಮಾತಾಡಬೇಕು. ಸಾಧ್ಯವಾದರೆ ಅವನ ಗೋಡೌನಿನಲ್ಲೇ ಆಗಲಿ. ಸಾಮಾನು ಇಟ್ಟುಕೊಂಡ ರೀತಿ, ವಾಯರ್ ಸುತ್ತಿಟ್ಟ ಬಗೆ, ಬಾಕ್ಸ್ ಮೇಲಿನ ಧೂಳು ಮಾಲೀಕ ಬಾಯಿಬಿಡುವ ಮೊದಲೇ ಎಷ್ಟೋ ವಿಷಯ ತಿಳಿಸುತ್ತವೆ. ಮದುಮಗ ಅಥವಾ ಮದುಮಗಳು, ಜೊತೆಗೆ ಮನೆಯ ಹಿರಿಯರೊಬ್ಬರು ಹೋಗುವುದು ಒಳ್ಳೆಯದು. ಗೆಳೆಯರ ಗುಂಪು ಹೋದರೆ ಮಾತು ಬೇಸ್‌ನ ಸುತ್ತಲೇ ತಿರುಗುತ್ತದೆ.

“ಆ ದಿನ ಮಿಕ್ಸರ್ ಮುಂದ ಯಾರು ಕೂಡ್ತಾರ್ರಿ?” ಎಂಬ ಪ್ರಶ್ನೆಯಿಂದ ಆರಂಭಿಸಬೇಕು. ಈ ವ್ಯವಹಾರದಲ್ಲಿ ಸಾಮಾನಿನ ಮಾಲೀಕ ಒಬ್ಬ, ನುಡಿಸುವವನು ಇನ್ನೊಬ್ಬ. ಒಂದೇ ತಿಥಿಗೆ ಮೂರು ಲಗ್ನ ಹಿಡಿದ ಮಾಲೀಕ, ಮಾತುಕತೆಗೆ ತಾನು ಬಂದು ಕೆಲಸಕ್ಕೆ ಹೊಸ ಹುಡುಗನನ್ನು ಕಳಿಸುವುದು ಅಪರೂಪವಲ್ಲ. ಕೂಡುವವನ ಹೆಸರು, ನಂಬರು ಆಗಲೇ ಪಡೆಯಬೇಕು, ಅವನನ್ನೇ ಕರೆಸಿ ಮಾತಾಡಿಸಬೇಕು. ಅವನಿಗೆ ಜ್ವರ ಬಂದರೆ ಯಾರು, ಅದೇ ದಿನ ಬೇರೆ ಕಡೆ ಕೆಲಸ ಇದೆಯೇ, ಇದ್ದರೆ ಅಲ್ಲಿಂದ ಎಷ್ಟು ಹೊತ್ತಿಗೆ ಬಿಡುತ್ತಾನೆ ಎಂಬುದನ್ನೂ ಕೇಳಬೇಕು. ಹಗಲಿನ ಬಾರಾತ್ ಔರಾದ್‌ನಲ್ಲಿ, ಸಂಜೆಯ ರಿಸೆಪ್ಶನ್ ಬೀದರ್‌ನಲ್ಲಿ ಎಂದು ಒಪ್ಪಿಕೊಂಡವನು ಸಾಮಾನು ಕಳಚಿ, ಸಾಗಿಸಿ, ಮತ್ತೆ ಜೋಡಿಸುವುದರೊಳಗೆ ಅತಿಥಿಗಳು ಊಟ ಮುಗಿಸಿರುತ್ತಾರೆ.

ಎರಡನೆಯದು ಅವನ ಕೇಳುವ ಗುಣ. ಒಳ್ಳೆಯ ಡಿಜೆ ಉತ್ತರ ಕೊಡುವ ಮೊದಲು ತಾನೇ ಪ್ರಶ್ನೆ ಕೇಳುತ್ತಾನೆ: ಹಾಲ್ ಯಾವುದು, ಮೇಲೆ ತಗಡಿನ ಶೀಟೋ ಸ್ಲ್ಯಾಬೋ, ಬೀಗರು ಯಾವ ಕಡೆಯವರು, ಹೆಣ್ಣುಮಕ್ಕಳು ಕುಣಿಯುತ್ತಾರೋ, ಸ್ವಾಮಿಗಳು ಬರುತ್ತಾರೋ. ಇದೊಂದನ್ನೂ ಕೇಳದೆ ತನ್ನ ಬಾಕ್ಸ್‌ಗಳ ವ್ಯಾಟ್ ಲೆಕ್ಕ ಒಪ್ಪಿಸುವವನು ಯಾವ ಮನೆಗಾದರೂ ಅದೇ ಪೆನ್‌ಡ್ರೈವ್ ಹಚ್ಚುತ್ತಾನೆ.

ಮೂರನೆಯದು ಅವನ ಕೈಚಳಕ. ಇದನ್ನು ಪರೀಕ್ಷಿಸಲು ಸಂಗೀತದ ಪಾಂಡಿತ್ಯ ಬೇಕಿಲ್ಲ. ಹಲಗಿಯ, ಲೇಜಿಮಿನ ಹಾಡುಗಳ ನಡೆ ಬಹುಮಟ್ಟಿಗೆ ಆರು ಮಾತ್ರೆಯ ತೂಗಾಟದ್ದು. ಹಿಂದಿ ಸಿನಿಮಾದ, ಪಂಜಾಬಿ ಕುಣಿತದ ಹಾಡುಗಳು ಹೆಚ್ಚಾಗಿ ನಾಲ್ಕು, ಎಂಟರ ಲೆಕ್ಕದವು. ಒಂದರಿಂದ ಇನ್ನೊಂದಕ್ಕೆ ಜನರ ಹೆಜ್ಜೆ ತಪ್ಪದಂತೆ ದಾಟಿಸುವುದರಲ್ಲೇ ಈ ಸೀಮೆಯ ಡಿಜೆಯ ವಿದ್ಯೆ ಇದೆ. ಒಂದು ಕನ್ನಡ ಜಾನಪದ, ಒಂದು ಮರಾಠಿ, ಒಂದು ಹಿಂದಿ ಹಾಡು ಹೇಳಿ, ಮೂರನ್ನೂ ಜೋಡಿಸಿ ಕೇಳಿಸಲು ಹೇಳಬೇಕು. ನಡುವೆ ಒಂದು ಕ್ಷಣ ಬಿಟ್ಟು, ಮಾತಾಡಿ, ಮುಂದಿನದನ್ನು ಶುರು ಮಾಡಿದರೂ ತಪ್ಪಿಲ್ಲ. ಎರಡು ತಾಳ ಒಂದರ ಮೇಲೊಂದು ಬಿದ್ದು ಕಲಸಿಹೋಗಬಾರದು ಅಷ್ಟೇ. ಹಾಡುಗಳನ್ನು ಎಲ್ಲಿಂದ ತರುತ್ತಾನೆ ಎಂಬುದನ್ನೂ ಕೇಳಬೇಕು. ವಾಟ್ಸ್ಆ್ಯಪ್‌ನಲ್ಲಿ ಕೈ ಬದಲಾಯಿಸುತ್ತ ಬಂದ ಕುಗ್ಗಿದ ಫೈಲು ಮೊಬೈಲಿನಲ್ಲಿ ಚೆನ್ನಾಗಿ ಕೇಳಿದರೂ ದೊಡ್ಡ ಸ್ಪೀಕರ್‌ನಲ್ಲಿ ಒಡೆದು ಕಿರುಚುತ್ತದೆ.

ನಾಲ್ಕನೆಯ ಪ್ರಶ್ನೆಯೇ ಎಲ್ಲಕ್ಕಿಂತ ತೂಕದ್ದು: ಯಾವಾಗ ನಿಲ್ಲಿಸುತ್ತೀರಿ? ಮದುಮಗನ ಗೆಳೆಯನೊಬ್ಬ ಕುಡಿದು ಬಂದು ದನಿ ಏರಿಸು ಎಂದು ಜಗಳಕ್ಕೆ ನಿಂತರೆ ಏನು ಮಾಡುತ್ತೀರಿ? ಪೊಲೀಸರು ಬಂದು ಬಂದ್ ಮಾಡಿ ಅಂದರೆ? ಓಣಿಯಲ್ಲಿ ಯಾರದೋ ಸಾವಾಗಿದೆ ಎಂಬ ಸುದ್ದಿ ಬಂದರೆ? ಹಳ್ಳಿಗಳಲ್ಲಿ ಸಾವಿನ ಮನೆಯ ಮುಂದೆ ಬಾಜಾ ನಿಲ್ಲಿಸುವ, ಗುಡಿ ಮಸೀದಿಗಳ ಮುಂದೆ ದನಿ ಇಳಿಸುವ ಮರ್ಯಾದೆ ಡಿಜೆ ಬರುವ ಎಷ್ಟೋ ಕಾಲ ಮೊದಲಿನಿಂದ ಇದೆ. ಹಲಗಿ, ಸನಾದಿಯವರು ಅದನ್ನು ಹೇಳಿಸಿಕೊಳ್ಳದೆ ಪಾಲಿಸುತ್ತಿದ್ದರು. ಈ ಪ್ರಶ್ನೆಗಳಿಗೆ ತಡಬಡಾಯಿಸದೆ ಉತ್ತರ ಹೇಳುವ ಡಿಜೆ ಹತ್ತು ಬಾಕ್ಸ್ ಕಡಿಮೆ ತಂದರೂ ನಷ್ಟವಿಲ್ಲ.

ಈಗ ಬೇಸ್‌ನ ಮಾತು. ಬಾಕ್ಸ್ ಇಮ್ಮಡಿಯಾದರೆ ದನಿಯೂ ಇಮ್ಮಡಿಯಾಗುತ್ತದೆ ಎಂಬುದು ತಪ್ಪು ಲೆಕ್ಕ. ಸ್ಪೀಕರ್‌ಗೆ ಕೊಡುವ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ದನಿಯ ಮಟ್ಟ ಏರುವುದು ಸುಮಾರು 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಅಳತೆ ಮೀರಿ ಬಾಕ್ಸ್ ತರಿಸುವವರು ಬಾಡಿಗೆ, ಡೀಸೆಲ್ ಎರಡಕ್ಕೂ ಹೆಚ್ಚು ತೆತ್ತು, ಕೇಳುವವರಿಗೆ ಅಲ್ಪಸ್ವಲ್ಪ ವ್ಯತ್ಯಾಸವನ್ನಷ್ಟೇ ಕೊಡುತ್ತಾರೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ ವೇದಿಕೆಯ ಎರಡು ಬದಿಗೆ ರಾಶಿ ಹಾಕಿದಾಗ ಮುಂದಿನ ಸಾಲಿನ ಅಜ್ಜಿ ಕಿವಿ ಮುಚ್ಚಿಕೊಳ್ಳುತ್ತಾಳೆ, ಹಿಂದಿನ ಸಾಲಿಗೆ ಮಾತು ತಲುಪುವುದಿಲ್ಲ. ಅಷ್ಟೇ ಸ್ಪೀಕರ್‌ಗಳನ್ನು ಹಂಚಿ, ಎರಡನ್ನು ಪೆಂಡಾಲಿನ ನಡುವೆ ನಿಲ್ಲಿಸಿದರೆ ಕಡಿಮೆ ದನಿಯಲ್ಲೇ ಎಲ್ಲರಿಗೂ ಕೇಳಿಸುತ್ತದೆ. ಮೇಲೆ ತಗಡು, ಕೆಳಗೆ ಟೈಲ್ಸ್, ಸುತ್ತ ಗೋಡೆ ಇರುವ ಹಾಲ್‌ನಲ್ಲಿ ದನಿ ಪುಟಿದು ಪುಟಿದು ಮಾತಿನ ಅಕ್ಷರಗಳೇ ಕಲಸಿಹೋಗುತ್ತವೆ. ಅಲ್ಲಿ ಮಾಡಬೇಕಾದದ್ದು ದನಿ ಇಳಿಸುವುದು, ಸ್ಪೀಕರ್‌ನ ಮುಖವನ್ನು ಗೋಡೆಗಲ್ಲ, ಜನರ ಕಡೆಗೆ ತಿರುಗಿಸುವುದು. ಬೇಸ್ ದನಿಯ ಉದ್ದನೆಯ ಅಲೆಗಳನ್ನು ಗೋಡೆ ಹೆಚ್ಚು ತಡೆಯುವುದಿಲ್ಲ. ನಾಲ್ಕು ಮನೆಯಾಚೆ ಹಾಡು ಕೇಳದಿದ್ದರೂ ಬೇಸ್ ಎದೆಗೆ ಗುದ್ದುವುದು ಅದಕ್ಕೇ. ಮಾರ್ಚ್, ಏಪ್ರಿಲ್‌ನ ಲಗ್ನಗಳ ಕಾಲವೇ ಪರೀಕ್ಷೆಗಳ ಕಾಲವೂ ಹೌದು. ಆ ಗುದ್ದು ಬೀಳುವುದು ದೀಪದ ಮುಂದೆ ಪುಸ್ತಕ ಹಿಡಿದ ಯಾರದೋ ಮಗುವಿನ ಮೇಲೆ.

ರಿಸೆಪ್ಶನ್‌ನಲ್ಲಿ ಮೈಕ್‌ಗೆ ಸ್ಪೀಕರ್‌ನಷ್ಟೇ ಬೆಲೆ ಇದೆ. ಕಾರ್ಡ್‌ಲೆಸ್ ಮೈಕ್ ಎರಡು, ತಂತಿಯದೊಂದು, ಹೊಸ ಸೆಲ್ಲುಗಳು, ಇವಿಷ್ಟು ಇದೆಯೇ ಎಂದು ಕೇಳಬೇಕು. ಸನ್ಮಾನಕ್ಕೆ, ಆಹೇರಿಗೆ ಹೆಸರು ಕೂಗುವಾಗ ಗಣ್ಯರ, ಬೀಗರ ಹೆಸರು ತಪ್ಪಿದರೆ ಅದು ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿಯುತ್ತದೆ. ನಿರೂಪಣೆಯನ್ನು ಡಿಜೆಯೇ ಮಾಡುತ್ತಾನೋ, ಮನೆಯವರಲ್ಲಿ ಯಾರಾದರೂ ಮಾಡುತ್ತಾರೋ ಎಂಬುದು ಮೊದಲೇ ತೀರ್ಮಾನವಾಗಲಿ. ಡಿಜೆಯೇ ಆದರೆ ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟು, ಒಮ್ಮೆ ಓದಿಸಿ ನೋಡಬೇಕು.

ವಿದ್ಯುತ್ತಿನ ವಿಷಯದಲ್ಲಿ ಉದಾಸೀನ ಸಲ್ಲದು. ಮನೆಯ ಮೀಟರ್‌ನ ಮಂಜೂರಾದ ಲೋಡ್ ಆಂಪ್ಲಿಫೈಯರ್, ಶಾರ್ಪಿ ಲೈಟು, ಪೆಂಡಾಲಿನ ಫ್ಯಾನು, ಕೂಲರ್ ಎಲ್ಲವನ್ನೂ ಹೊರಲಾರದು. ಕಂಬಕ್ಕೆ ಕೊಕ್ಕೆ ಹಾಕಿ ಎಳೆಯುವುದು 2003ರ ವಿದ್ಯುತ್ ಕಾಯ್ದೆಯಡಿ ಕಳ್ಳತನ, ಜೀವಕ್ಕೂ ಅಪಾಯ. ಜೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಬಹುದು, ಇಲ್ಲವೇ ಜನರೇಟರ್ ತರಿಸಬಹುದು. ಅದರ ಡೀಸೆಲ್ ಯಾರದು ಎಂಬುದನ್ನೂ ಮಾತಿನಲ್ಲಿ ಸೇರಿಸಬೇಕು. ಲ್ಯಾಪ್‌ಟಾಪ್‌ಗೂ ಮಿಕ್ಸರ್‌ಗೂ ಒಂದು ಯುಪಿಎಸ್ ಇದ್ದರೆ ಕರೆಂಟು ಹೋಗಿ ಜನರೇಟರ್ ಹತ್ತುವ ತನಕ ಅವು ಆರಿಹೋಗುವುದಿಲ್ಲ. ಅರ್ಥಿಂಗ್ ಸರಿಯಿಲ್ಲದಿದ್ದರೆ ಮೈಕ್ ಹಿಡಿದವರಿಗೇ ಶಾಕ್ ಹೊಡೆಯಬಹುದು. ಲೈನ್‌ನಲ್ಲಿ ಶಾಕ್ ತಡೆಯುವ ಆರ್‌ಸಿಸಿಬಿ ಕೂಡಿಸಿದ್ದೀರಾ ಎಂದು ಕೇಳಿದಾಗ ಡಿಜೆಯ ಮುಖ ನೋಡಿದರೆ ಸಾಕು, ಉತ್ತರ ಗೊತ್ತಾಗುತ್ತದೆ. ಬಾರಾತ್ ವಾಹನದ ಮೇಲೆ ಎತ್ತರಕ್ಕೆ ಪೇರಿಸಿದ ಬಾಕ್ಸ್ ರಸ್ತೆಯ ಮೇಲಿನ ತಂತಿಗೆ ತಗುಲುವ ಅಪಾಯ ಬೇರೆ. 2024ರ ಆಗಸ್ಟ್‌ನಲ್ಲಿ ಬಿಹಾರದ ಹಾಜೀಪುರದ ಬಳಿ ಯಾತ್ರಿಕರ ಡಿಜೆ ವಾಹನ ಹೈಟೆನ್ಷನ್ ತಂತಿಗೆ ತಾಗಿ ಕನಿಷ್ಠ 8 ಜನ ಸತ್ತರು. ತಯಾರಿಕೆಯ ಮೂಲ ರೂಪವನ್ನೇ ಬದಲಿಸಿ ವಾಹನಕ್ಕೆ ಹೀಗೆ ಕಟ್ಟುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಪ್ಪುವುದಿಲ್ಲ. ಬಟ್ಟೆಯ ಶಾಮಿಯಾನದೊಳಗೆ ಕಿಡಿ ಚಿಮ್ಮುವ ಪೈರೋ ಬೇಡವೆಂದು ಖಡಾಖಂಡಿತವಾಗಿ ಹೇಳಬೇಕು. ಲೇಸರ್ ಕಿರಣ ಜನರ ಕಣ್ಣಿಗೆ ಬೀಳುವಂತಿರಬಾರದು. ಅದು ಫೋಟೊದವರ ಕ್ಯಾಮೆರಾದ ಸೆನ್ಸರ್ ಅನ್ನೂ ಸುಡಬಲ್ಲದು.

ಹಾಡಿನ ಪಟ್ಟಿಯನ್ನು ಲಗ್ನಕ್ಕೆ ವಾರ ಮುಂಚೆ ಕೊಡುವುದು ವಾಡಿಕೆಯಾಗಬೇಕು. ಎಲ್ಲ ಹಾಡನ್ನೂ ಬರೆದುಕೊಟ್ಟು ಡಿಜೆಯ ಕೈ ಕಟ್ಟುವುದು ಸರಿಯಲ್ಲ. ಜನ ಯಾವುದಕ್ಕೆ ಏಳುತ್ತಾರೆ, ಯಾವುದಕ್ಕೆ ಕೂಡುತ್ತಾರೆ ಎಂಬುದನ್ನು ನೋಡಿ ಬದಲಿಸುವುದೇ ಅವನ ಕಸುಬು. ಮದುಮಕ್ಕಳು ಒಳಗೆ ಬರುವಾಗಿನ ಹಾಡು, ಮನೆಯವರ ಮೆಚ್ಚಿನ ಹತ್ತು ಹನ್ನೆರಡು ಹಾಡು ಸಾಕು. ಬೇಡವಾದ ಹಾಡುಗಳ ಪಟ್ಟಿಗೆ ಇದಕ್ಕಿಂತ ಹೆಚ್ಚು ಗಮನ ಬೇಕು. ಡಿಜೆಗೆಂದೇ ತಯಾರಾದ ಹಾಡುಗಳಲ್ಲಿ ಹೆಣ್ಣುಮಕ್ಕಳನ್ನು ಹಗುರವಾಗಿ ಆಡುವವು ಎಷ್ಟೋ ಇವೆ. ತಮ್ಮ ಜಾತಿಯನ್ನು ಎತ್ತಿ ಇನ್ನೊಬ್ಬರನ್ನು ಕೆಣಕುವ, ಇನ್ನೊಂದು ಧರ್ಮದವರನ್ನು ಚುಚ್ಚುವ ಹಾಡುಗಳೂ ಇವೆ. ಬಾರಾತ್ ಯಾವ ಓಣಿಯ ಮುಂದೆ ಹೋಗುವಾಗ ಯಾವ ಹಾಡು ಹಚ್ಚಿದರು ಎಂಬುದರಿಂದ ಊರುಗಳಲ್ಲಿ ವೈರ ಹುಟ್ಟುತ್ತದೆ. ಒಬ್ಬರ ಹೆಮ್ಮೆಯ ಹಾಡನ್ನು ಅವರ ಮನೆಯ ಸಂತೋಷಕ್ಕೆ ಹಚ್ಚುವುದೇ ಬೇರೆ, ಇನ್ನೊಬ್ಬರ ಬಾಗಿಲ ಮುಂದೆ ನಿಂತು ಹಚ್ಚುವುದೇ ಬೇರೆ. ಎರಡರ ನಡುವಿನ ಗೆರೆ ತಿಳಿಯದ ಡಿಜೆಯನ್ನು ಯಾವ ದರಕ್ಕೂ ಕರೆಸಬಾರದು. ಫರ್ಮಾಯಿಶಿ ಹಾಡುಗಳಿಗೆ ಮನೆಯವರಲ್ಲಿ ಒಬ್ಬರನ್ನು ಗೊತ್ತುಮಾಡಿ, ಅವರು ಹೂಂ ಅಂದದ್ದನ್ನು ಮಾತ್ರ ಹಚ್ಚಬೇಕೆಂದು ಹೇಳಿಬಿಟ್ಟರೆ ಡಿಜೆಗೂ ನಿರಾಳ. ಕುಣಿಯುವ ಹೆಣ್ಣುಮಕ್ಕಳ ವಿಡಿಯೊವನ್ನು ತನ್ನ ಪ್ರಚಾರಕ್ಕೆಂದು ಇನ್‌ಸ್ಟಾಗ್ರಾಮ್‌ಗೆ ಹಾಕಬಾರದು ಎಂಬ ಷರತ್ತು ಈಗಿನ ಕಾಲಕ್ಕೆ ಅಗತ್ಯ.

ಹಲಗಿ, ಸನಾದಿ, ಬ್ಯಾಂಡಿನವರನ್ನು ಡಿಜೆ ಬಂದ ಮೇಲೆ ಬಿಟ್ಟೇಬಿಟ್ಟ ಮನೆಗಳು ಬಹಳ. ಅರ್ಧ ತಾಸಾದರೂ ಅವರಿಗೆ ಕೊಟ್ಟು, ಸನಾದಿಯ ಮುಂದೊಂದು ಮೈಕ್ ಇಟ್ಟು ಮದುಮಕ್ಕಳನ್ನು ವೇದಿಕೆಗೆ ಕರೆತರುವುದು ಯಾವ ರೆಕಾರ್ಡಿನ ಹಾಡಿಗಿಂತ ಮೇಲು. ಮಿಕ್ಸರ್ ಬಲ್ಲ ಡಿಜೆಗೆ ಇದು ಕಷ್ಟದ ಕೆಲಸವೂ ಅಲ್ಲ.

ಕಾನೂನಿನ ಕಡೆಗೆ ಬಂದರೆ, 2000ದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು ದೇಶಕ್ಕೆಲ್ಲ ಅನ್ವಯಿಸುತ್ತವೆ. ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ಇದಕ್ಕೆ ಮೊದಲು ವಿಚಾರಿಸಬೇಕಾದ ಜಾಗ ಸ್ಥಳೀಯ ಪೊಲೀಸ್ ಠಾಣೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಳಕೆ ನಿಷಿದ್ಧ. ಸಭಾಂಗಣ, ಸಮುದಾಯ ಭವನ, ಬ್ಯಾಂಕ್ವೆಟ್ ಹಾಲ್‌ಗಳಂಥ ಮುಚ್ಚಿದ ಜಾಗಗಳಲ್ಲಿ, ಒಳಗಿನವರಿಗಷ್ಟೇ ಕೇಳಿಸುವ ಮಟ್ಟಿಗೆ ವಿನಾಯಿತಿ ಇದೆ. ಬಟ್ಟೆಯ ಪೆಂಡಾಲು ಮುಚ್ಚಿದ ಜಾಗವಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55, ರಾತ್ರಿಯದು 45 ಡೆಸಿಬಲ್. ಖಾಸಗಿ ಜಾಗದ ಎಲ್ಲೆಯಲ್ಲಿ ಈ ಮಿತಿಯ ಮೇಲೆ 5 ಡೆಸಿಬಲ್‌ಗಿಂತ ಹೆಚ್ಚು ಏರಬಾರದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ಕೊಟ್ಟ ತೀರ್ಪು, ಬೇಡವೆಂದರೂ ಒಬ್ಬರ ಕಿವಿಗೆ ಬಲವಂತವಾಗಿ ದನಿ ತುರುಕುವ ಹಕ್ಕು ಯಾರಿಗೂ ಇಲ್ಲವೆಂಬ ನೆಲೆಯದು. ಅನುಮತಿ ತರುವವರು ಯಾರು, ಮಿತಿ ಮೀರಿ ಸಾಮಾನು ಜಪ್ತಾದರೆ ಹೊಣೆ ಯಾರದು ಎಂಬುದು ಡಿಜೆಯೊಡನೆ ಮುಖಾಮುಖಿ ಆಡಬೇಕಾದ ಮಾತು. ರಾತ್ರಿ 9.45ಕ್ಕೆ ಕೊನೆಯ ಹಾಡು ಎಂದು ಮೊದಲೇ ಗೊತ್ತಿದ್ದರೆ ಡಿಜೆ ತನ್ನ ಸಂಜೆಯನ್ನು ಅದಕ್ಕೆ ತಕ್ಕಂತೆ ಕಟ್ಟುತ್ತಾನೆ.

ಕಿವಿಯ ಆರೋಗ್ಯಕ್ಕೂ ಲೆಕ್ಕವಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ ಪ್ರಕಾರ 85 ಡೆಸಿಬಲ್ ದನಿಯನ್ನು ದಿನಕ್ಕೆ 8 ತಾಸು ತಡೆಯಬಹುದು, 100 ಡೆಸಿಬಲ್ ಆದರೆ 15 ನಿಮಿಷ ಮಾತ್ರ. ಮನರಂಜನೆಯ ಸ್ಥಳಗಳಲ್ಲಿ 15 ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಮೊಬೈಲ್‌ನ ಆ್ಯಪ್ ಅಂದಾಜಿಗೆ ಸಾಕು, ಅದನ್ನು ಹಿಡಿದು ಮುಂದಿನ ಸಾಲಿನಲ್ಲಿ ಒಮ್ಮೆ ನೋಡಬಹುದು. ತೊಟ್ಟಿಲ ಕೂಸುಗಳನ್ನೂ ಬಾಣಂತಿಯರನ್ನೂ ಬಾಕ್ಸ್‌ನಿಂದ ದೂರ ಕೂಡಿಸುವುದು ಮನೆಯವರ ಕೆಲಸ.

ಹಾಡು ಹಚ್ಚಿದ್ದಕ್ಕೆ ಕಾಪಿರೈಟ್ ಹಣ ಕೊಡಬೇಕೆಂದು ಹಾಲ್‌ನವರೋ ಇನ್ನಾರೋ ಕೇಳಿದರೆ ಗಾಬರಿಯಾಗಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಜೆಡ್‌ಎ) ಕಲಮು ಮದುವೆಯ ಮೆರವಣಿಗೆಗೂ ಮದುವೆಗೆ ಸೇರಿದ ಇತರ ಸಂಭ್ರಮಗಳಿಗೂ ವಿನಾಯಿತಿ ಕೊಟ್ಟಿದೆ. ಕೈಗಾರಿಕಾ ಉತ್ತೇಜನ ಮತ್ತು ಆಂತರಿಕ ವ್ಯಾಪಾರ ಇಲಾಖೆ 2023ರ ಜುಲೈ 24ರ ಪ್ರಕಟಣೆಯಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿದೆ.

ದರ ಊರು, ತಿಥಿ, ಸಾಮಾನಿನ ಮೇಲೆ ನಿಂತಿದೆ. ತುಳಸಿ ಲಗ್ನದ ನಂತರದ ಒಳ್ಳೆಯ ತಿಥಿಗಳಿಗೂ ಬೇಸಿಗೆಯ ತಿಥಿಗಳಿಗೂ ಬೇಡಿಕೆ ಹೆಚ್ಚು, ಆಗ ತಡಮಾಡಿದವರಿಗೆ ಉಳಿಯುವುದು ಯಾರೂ ಕರೆಯದ ಡಿಜೆ. ಚೌಕಾಸಿ ಮಾಡುವಾಗ ಬಾಕ್ಸ್ ಇಳಿಸಿ ದರ ಇಳಿಸಲು ಕೇಳಬಹುದು. ನುಡಿಸುವವನ ಕೂಲಿಯಲ್ಲಿ ಕಡಿತ ಕೇಳಬಾರದು. ಮಾತಾಡಿದ್ದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಹಾಕಬೇಕು: ತಾರೀಖು, ಜಾಗ, ಸಾಮಾನು ಜೋಡಿಸಿ ಮೈಕ್ ಪರೀಕ್ಷೆ ಮುಗಿಯಬೇಕಾದ ಹೊತ್ತು, ಕೂಡುವವನ ಹೆಸರು, ಸ್ಪೀಕರ್, ಮೈಕ್, ಲೈಟುಗಳ ಎಣಿಕೆ, ಜನರೇಟರ್ ಮತ್ತು ಸಾಗಣೆಯ ಖರ್ಚು, ಹೊತ್ತು ಮೀರಿದರೆ ದರ, ಲಗ್ನ ಮುಂದೆ ಹೋದರೆ ಮುಂಗಡದ ಗತಿ. ಅತಿಥಿಗಳು ಬರುವ ಎರಡು ತಾಸು ಮೊದಲು ಎಲ್ಲ ಸಿದ್ಧವಿರಬೇಕೆಂದು ಬರೆಸುವುದು ಉಚಿತ. ಡಿಜೆಗೂ ಅವನ ಹುಡುಗರಿಗೂ ಹೊತ್ತಿಗೆ ಸರಿಯಾಗಿ ಊಟ ಹಾಕಿಸುವುದನ್ನೂ ಅದರಲ್ಲಿ ಸೇರಿಸಬೇಕು. ಸಾಮಾನು ಹೊತ್ತು, ನಡುರಾತ್ರಿ ಕಳಚಿ ಹೊರಡುವ ಆ ಮಕ್ಕಳನ್ನು ಎಲ್ಲರೂ ಉಂಡ ಮೇಲೆ ನೆನೆಯುವುದು ಮನೆತನಕ್ಕೆ ಶೋಭೆಯಲ್ಲ. ಮುಂಗಡವನ್ನು ಫೋನ್‌ಪೇಯಂಥ ದಾರಿಯಲ್ಲಿ ಕೊಟ್ಟರೆ ಗುರುತು ಉಳಿಯುತ್ತದೆ. ಉಳಿದ ಹಣವನ್ನು ಕೆಲಸ ಮುಗಿದ ರಾತ್ರಿಯೇ ತಡೆಯದೆ ಕೊಡಬೇಕು.

ಹಣ ಪಡೆದು ಬಾರದೇ ಹೋದರೆ, ಒಪ್ಪಿದ ಸಾಮಾನು ತರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಸಹಿ ಹಾಕಿದ ಹಾಳೆ, ಹಣ ಕಳಿಸಿದ ರಸೀದಿ ಜೊತೆಗಿರಬೇಕು. ದೂರು ಕೊಡಲು ಇರುವ ಅವಧಿ ಎರಡು ವರ್ಷ.